ಓರಗಿತ್ತಿಯ ಕಿವಿ

ನನ್ನ ಓರಗಿತ್ತಿಯ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ತವರಿನಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುವಾಗ ಕಲ್ಲಿನ ಏಟು ಬಿದ್ದು ಸೀಳಿದ್ದು, ಮತ್ತೆ ಕೂಡಿಕೊಳ್ಳಲೇ ಇಲ್ಲ. ಆ ಸೀಳಿನೊಳಗೆ ಯಾವಾಗಲೂ ಒಂದು ಕಪ್ಪು ಗೆರೆ, ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ನಾನು ಮದುವೆಯಾಗಿ ಮತ್ತಿಗಿರಿಯ ಮನೆಗೆ ಕಾಲಿಟ್ಟ ದಿನ ನನಗೆ ಆರತಿ ಎತ್ತಿದ್ದು ಆ ಕೈಯೇ. ತಟ್ಟೆಯ ಅಂಚಿನಲ್ಲಿದ್ದ ಉಗುರನ್ನು ನೋಡಿ, ಸದ್ಯ, ಇವಳಿಗಿಂತ ನಾನೇ ಮೇಲು ಅಂದುಕೊಂಡೆ. ನಾನು ಜೂಜುವಾಡಿಯವಳು, ಹೊಸೂರಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವಳು, ಉಗುರಿಗೆ ಬಣ್ಣ ಹಚ್ಚಿಕೊಂಡು ಬಂದವಳು.

ಆ ಸಮಾಧಾನ ಒಂದು ವಾರವೂ ಉಳಿಯಲಿಲ್ಲ.

ಎದುರಿಗೆ ಅವಳನ್ನು ಅಕ್ಕ ಎನ್ನುತ್ತಿದ್ದೆ, ಒಳಗೊಳಗೆ ‘ಇವಳು’. ನನ್ನ ಗಂಡನ ಅಣ್ಣನ ಹೆಂಡತಿ, ರಾಯಕೋಟೆ ಕಡೆಯವಳು. ಹತ್ತನೇ ತರಗತಿಯಲ್ಲಿ ಫೇಲಾಗಿ ಓದು ಬಿಟ್ಟವಳು. ಆದರೆ ಆ ಮನೆಯಲ್ಲಿ ಅವಳು ಹೇಳಿದ್ದೇ ವೇದ. ಶುಕ್ರವಾರ ದೇವರಿಗೆ ಒಡೆಯುವ ತೆಂಗಿನಕಾಯಿಯನ್ನು ಅವಳೇ ತಟ್ಟಿ ಆರಿಸಬೇಕು. ಅವಳು ಆರಿಸಿದ ಕಾಯಿ ಒಂದು ಸಲವೂ ಕೆಟ್ಟಿದ್ದು ನಾನು ನೋಡಲಿಲ್ಲ. ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಲೇ, “ಮೋಟ್ರು ಗಾಳಿ ಎಳೀತೈತೆ, ಹೋಗಿ ನೋಡಿ” ಎಂದು ಭಾವನಿಗೆ ಕೂಗುವಳು. ತೋಟ ಅಷ್ಟು ದೂರ. ಭಾವ ಚಪ್ಪಲಿಯನ್ನೂ ಮೆಟ್ಟದೆ ಓಡುವರು. ಹೋಗಿ ನೋಡಿದರೆ ನಿಜವಾಗಿಯೂ ಬೋರು ಗಾಳಿ ಎಳೆಯುತ್ತಿರುತ್ತಿತ್ತು.

ಒಂದು ಶುಕ್ರವಾರ ಅವಳು ತವರಿಗೆ ಹೋಗಿದ್ದಳು. ಕಾಯಿ ನಾನು ಆರಿಸಿದೆ. ಒಡೆದರೆ ಒಳಗೆ ಕೊಳೆತ ನೀರು. ಅತ್ತೆ ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. “ಬುಡಮ್ಮ, ನೀನು ಓದ್ಕೊಂಡೋಳು, ನಿಂಗೆಲ್ಲಿ ಗೊತ್ತಾಗ್ಬೇಕು” ಎಂದು ಸಮಾಧಾನ ಮಾಡಿದರು. ಮೈಯೆಲ್ಲ ಉರಿದುಹೋಯಿತು.

ಅವಳು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. “ಏನ್ ಡಿಪ್ಲಮಾ, ಬೆಳಿಗ್ ಬೆಳಿಗ್ಗೇನೆ ಮಕ ಊದುಸ್ಕೊಂಡಿದೀಯ?” ಎನ್ನುವಳು. ತನ್ನ ತಟ್ಟೆಯ ಕಡಲೆಬೀಜವನ್ನೆಲ್ಲ ಆರಿಸಿ ನನ್ನ ತಟ್ಟೆಗೆ ಹಾಕುವಳು. ನಗುವಾಗ ಹಲ್ಲು, ಒಸಡು, ಗಂಟಲು ಎಲ್ಲ ಕಾಣಬೇಕು. ಯಾರಾದರೂ ಅವಸರದಲ್ಲಿ ಮಾತಾಡಿದರೆ, “ಮೊದ್ಲು ಕೇಳುಸ್ಕೊ, ಆಮೇಲೆ ಬಾಯ್ ಬುಡು” ಎಂಬುದು ಅವಳ ಮಾತು. ಇಷ್ಟು ಒಳ್ಳೆಯವಳ ಮೇಲೆ ಯಾಕೆ ಹೊಟ್ಟೆಕಿಚ್ಚು ಎಂದು ಕೇಳಬೇಡಿ. ಕೆಟ್ಟವಳಾಗಿದ್ದರೆ ಜಗಳವಾಡಿ ಮುಗಿಸುತ್ತಿದ್ದೆ. ಒಳ್ಳೆಯವಳೆಂಬುದೇ ನನ್ನ ಸಂಕಟವಾಗಿತ್ತು.

ನಾನು ಕೆಲಸ ಮಾಡುತ್ತಿದ್ದದ್ದು ಹೊಸೂರಿನ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಶೆಡ್ಡಿನಲ್ಲಿ. ಸೆನ್ಸರ್ ಬೋರ್ಡುಗಳನ್ನು ಮಾಡುವ ಜಾಗ. ಬೆಸುಗೆ ಹಾಕಲು ಹೆಂಗಸರು ಬೇಕಾಗಿದ್ದಾರೆ ಎಂದಾಗ ಅವಳ ಹೆಸರು ಹೇಳಿದವಳು ನಾನೇ. ಉಪಕಾರಕ್ಕಲ್ಲ. ಮನೆಯಲ್ಲಿ ಅವಳ ಕೈಕೆಳಗೆ ನಾನು, ಇಲ್ಲಿ ನನ್ನ ಕೈಕೆಳಗೆ ಅವಳು ಇರಲಿ ಎಂದು. ಎರಡು ವರ್ಷ ಹಾಗೆಯೇ ನಡೆಯಿತು. ಅವಳು ಬೆಸುಗೆ ಹಾಕುವಳು, ನಾನು ತಪಾಸಣೆ ಮಾಡಿ ತಪ್ಪು ತೋರಿಸುವೆನು. ಸುಖವಾಗಿದ್ದೆ.

ಆಮೇಲೆ ಆ ಕಾಂಡ್ಲಾ ಕಾಡಿನ ಕೆಲಸ ಬಂತು. ಕಡಲಂಚಿನಲ್ಲಿ, ಉಪ್ಪುನೀರಿನ ಕೆಸರಿನಲ್ಲಿ ಬೇರು ಊರಿ ಬೆಳೆಯುವ ಮರಗಳ ಕಾಡು ಅದು. ತಮಿಳಿನವರು ಅಲೆಯಾತ್ತಿ ಎನ್ನುತ್ತಾರೆ. ಗಳಕ್ಕೆಂದೂ ಇದ್ದಿಲಿಗೆಂದೂ ಕಳ್ಳರು ದೋಣಿಯಲ್ಲಿ ಬಂದು ಕಡಿದುಕೊಂಡು ಹೋಗುತ್ತಿದ್ದರಂತೆ. ಇಡೀ ಕಾಡು ಕಾಯಲು ಜನ ಸಾಲದು. ಅದಕ್ಕೆ ನಾವೊಂದು ಪೆಟ್ಟಿಗೆ ಮಾಡಿಕೊಡಬೇಕಿತ್ತು. ಮರಕ್ಕೆ ಕಟ್ಟಿದರೆ ಅದು ಸದಾ ಕೇಳಿಸಿಕೊಳ್ಳುತ್ತಿರಬೇಕು, ಮರ ಕಡಿಯುವ ಸದ್ದು ಬಂದರೆ ಕಾವಲುಗಾರರ ಫೋನಿಗೆ ಸುದ್ದಿ ಮುಟ್ಟಿಸಬೇಕು.

ಪೆಟ್ಟಿಗೆ ಮಾಡುವುದು ಕಷ್ಟವಾಗಲಿಲ್ಲ. ಅದಕ್ಕೆ ಬುದ್ಧಿ ಕಲಿಸುವುದು ಕಷ್ಟವಾಯಿತು. ಹುಟ್ಟು ದೋಣಿಗೆ ಬಡಿದರೂ ಕೂಗುತ್ತಿತ್ತು, ಯಾರೋ ಮೂಟೆ ಇಳಿಸಿದರೂ ಕೂಗುತ್ತಿತ್ತು. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿತ್ತು. ಅಲ್ಲಿನ ಮೀನುಗಾರರ ಹೆಂಗಸರು ಒಲೆಗೆ ಒಣಗಿದ ಮರ ಕಡಿದುಕೊಳ್ಳಬಹುದು, ಅಷ್ಟಕ್ಕೆ ಅಪ್ಪಣೆಯಿತ್ತು. ಹಸಿ ಮರ ಮುಟ್ಟುವಂತಿಲ್ಲ. ಪೆಟ್ಟಿಗೆಗೆ ಈ ಎರಡೂ ಒಂದೇ. ಅಲ್ಲಿಂದ ರೆಕಾರ್ಡಾಗಿ ಬಂದ ಸದ್ದುಗಳನ್ನು ಹೆಡ್‌ಫೋನಿನಲ್ಲಿ ಕೇಳಿ, ಇದು ಕಳ್ಳತನ, ಇದು ಅಲ್ಲ ಎಂದು ಗುರುತು ಹಾಕಿ ಕಂಪ್ಯೂಟರಿಗೆ ಕೊಡುವ ಕೆಲಸ ನನ್ನದು. ಆ ಗುರುತು ನೋಡಿಯೇ ಪೆಟ್ಟಿಗೆ ಕಲಿಯಬೇಕು. ಒಂದು ತಿಂಗಳು ಕೇಳಿದೆ. ಕಿವಿ ತುಂಬ ಟಪ್ ಟಪ್ ಟಪ್. ಹಸಿಯ ಟಪ್ಪಿಗೂ ಒಣದರ ಟಪ್ಪಿಗೂ ನನಗೆ ಎಳ್ಳಷ್ಟೂ ವ್ಯತ್ಯಾಸ ತಿಳಿಯಲಿಲ್ಲ.

ಒಂದು ಮಧ್ಯಾಹ್ನ ನಾನು ಊಟಕ್ಕೆಂದು ಹೆಡ್‌ಫೋನ್ ತೆಗೆದಿಟ್ಟಾಗ ಅವಳು ಆಟಕ್ಕೆ ಹಾಕಿಕೊಂಡಳು. ಕಣ್ಣು ಮುಚ್ಚಿದಳು.

“ಇದು ಒಣ” ಎಂದಳು. “ಇದೂ ಒಣ. ಅಯ್ಯೋ, ಇದು ಹಸಿ ಕಣಮ್ಮಿ, ಯಾವನೋ ಪಾಪಿ ದೊಡ್ಡ ಮರಕ್ಕೇ ಕೈ ಹಾಕವ್ನೆ.”

“ನಿಂಗೆ ಹೆಂಗ್ ಗೊತ್ತಕ್ಕ?” ಎಂದೆ. ದನಿಯಲ್ಲಿ ವ್ಯಂಗ್ಯ ಬೇಕಾದಷ್ಟಿತ್ತು.

ಅವಳ ಅಪ್ಪ ಊರವರ ಹುಣಸೆಮರಗಳಲ್ಲಿ ಒಣಗಿದ ಕೊಂಬೆ ಕಡಿದುಕೊಡುವ ಕೆಲಸ ಮಾಡುತ್ತಿದ್ದವನು. ಅವರ ಕಡೆ ಒಂದು ಪದ್ಧತಿಯಂತೆ. ಮರಕ್ಕೆ ಮಚ್ಚು ಹಾಕುವ ಮುಂಚೆ ಮಚ್ಚಿನ ಬೆನ್ನಿನಿಂದ ಕೊಂಬೆಯನ್ನು ಒಂದು ಸಲ ತಟ್ಟಿ, ತಡೆದು, ಇನ್ನೊಂದು ಸಲ ತಟ್ಟಬೇಕು. ಜೀವ ಇರುವ ಕೊಂಬೆ ಮಂದವಾಗಿ ನುಡಿಯುತ್ತದೆ, ಸತ್ತದ್ದು ಖಣ್ಣೆನ್ನುತ್ತದೆ. ಜೀವ ಇದ್ದರೆ ಬಿಟ್ಟು ಮುಂದಿನ ಕೊಂಬೆಗೆ ಹೋಗಬೇಕು. ಮಕ್ಕಳು ಕೆಳಗೆ ಕಣ್ಣು ಮುಚ್ಚಿ ನಿಂತು ಹಸಿ, ಒಣ ಎಂದು ಕೂಗುವುದು ಅವರ ಆಟ.

“ಕೇಳು, ಈ ಹೆಂಗಸ್ರೂ ತಟ್ತಾರೆ” ಎಂದು ಹೆಡ್‌ಫೋನನ್ನು ನನ್ನ ಕಿವಿಗೆ ಇಟ್ಟಳು. “ಮೊದ್ಲು ಸಣ್ಣದಾಗಿ ಎರಡು. ಆಮೇಲೆ ಕಡಿಯೋದು. ಕಳ್ಳ ಯಾಕ್ ತಟ್ಟಾನು? ಅವನಿಗೆ ಹಸೀದೇ ಬೇಕಲ್ಲ. ಬಂದವ್ನೇ ಬುಡಕ್ಕೇ ಹಾಕ್ತಾನೆ.”

ಅವಳು ಹೇಳಿದ ಮೇಲೆ ನನಗೂ ಕೇಳಿಸಿತು. ಒಂದು ತಿಂಗಳಿಂದ ನಾನು ಕೇಳಿಸಿಕೊಂಡೂ ಕೇಳಿಸಿಕೊಳ್ಳದ ಆ ಎರಡು ಸಣ್ಣ ಏಟು. ಖುಷಿಯಾಗಬೇಕಿತ್ತು ನನಗೆ. ಎದೆಯೊಳಗೆ ಕೆಂಡ ಸುರಿದಂತಾಯಿತು.

ಮೇನೇಜರು ಅಂದಿನಿಂದ ಅವಳನ್ನು ತಲೆಯ ಮೇಲೆ ಕೂರಿಸಿಕೊಂಡರು. ಹೆಡ್‌ಫೋನು ಅವಳಿಗೆ, ಕುರ್ಚಿ ಅವಳಿಗೆ, ಬಂದವರಿಗೆಲ್ಲ ‘ನಮ್ಮ ಕಿವಿ’ ಎಂದು ಅವಳ ಪರಿಚಯ. ಅವಳು ಕೇಳಿ ಕಾಗದದ ಮೇಲೆ ‘ಹ’ ಇಲ್ಲವೇ ‘ಒ’ ಎಂದು ಬರೆಯುವಳು, ನಾನು ಅದನ್ನು ಕಂಪ್ಯೂಟರಿಗೆ ಒತ್ತಬೇಕು. ಡಿಪ್ಲೊಮಾ ಮಾಡಿದವಳು ಹತ್ತನೇ ಫೇಲಾದವಳ ಗುಮಾಸ್ತೆ! ಮನೆಗೆ ಬಂದರೆ ಅಲ್ಲೂ ಅದೇ ಪುರಾಣ. ನನ್ನ ಗಂಡನೂ ಅತ್ತಿಗೆಯ ಹೆಚ್ಚುಗಾರಿಕೆಯನ್ನು ನನಗೇ ವರ್ಣಿಸುವನು.

ಆದರೂ ಒಂದು ಆಸೆ ಇಟ್ಟುಕೊಂಡಿದ್ದೆ. ಹೊಸ ಪೆಟ್ಟಿಗೆಗಳನ್ನು ಕಟ್ಟಲು ಶೆಡ್ಡಿನಿಂದ ಒಬ್ಬರು ಕಡಲ ತೀರಕ್ಕೆ ಹೋಗುವುದಿತ್ತು. ಪೆಟ್ಟಿಗೆಯ ಒಳಗೂ ಹೊರಗೂ ಬಲ್ಲವಳು ನಾನು. ಕಡಲನ್ನೇ ಕಾಣದವಳು. ಹೋಗುವವಳು ನಾನೇ ಎಂದು ಹೊಸ ಚಪ್ಪಲಿಯನ್ನೂ ತಂದಿಟ್ಟಿದ್ದೆ. ಮೇನೇಜರು ಬಂದು, “ಅಕ್ಕ ಪೋಗಟ್ಟುಂ” ಎಂದುಬಿಟ್ಟರು. ಅಕ್ಕನೇ ಹೋಗಲಿ. ಅಷ್ಟೇ, ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಅವಳಿಗೆ ನನ್ನ ಮುಖ ನೋಡಿ ಅರ್ಥವಾಗಿರಬೇಕು. “ನೀನು ಹೋಗಮ್ಮಿ, ನಂಗೆ ನೀರ್ ಕಂಡ್ರೆ ಭಯ” ಎಂದಳು. ಬಿಟ್ಟುಕೊಡುವ ದೊಡ್ಡಸ್ತಿಕೆ ಬೇರೆ! “ಪರವಾಗಿಲ್ಲ ಬುಡಕ್ಕ” ಎಂದೆ.

ಆ ವಾರ ನಾನು ಮಾಡಿದ್ದನ್ನು ಬರೆಯಲು ಕೈ ಹಿಂದೇಟು ಹಾಕುತ್ತದೆ. ಅವಳು ಕೊಟ್ಟ ಕಾಗದಗಳಲ್ಲಿ ‘ಒ’ ಎಂದಿದ್ದ ಕಡೆಯಲ್ಲೆಲ್ಲ ನಾನು ‘ಹ’ ಒತ್ತಿದೆ. ಒಂದೆರಡಲ್ಲ, ಕೊನೆಯ ಕಂತಿನದೆಲ್ಲ. ಮನಸ್ಸಿಗೆ ಸಬೂಬು ಸಿದ್ಧವಿತ್ತು: ಯಂತ್ರ ಹೆಚ್ಚಾಗಿ ಕೂಗಿದರೇನು ನಷ್ಟ, ಕೂಗದೆ ಇರುವುದಕ್ಕಿಂತ ವಾಸಿ. ಸುಳ್ಳು. ಅವಳು ಹೋದ ಜಾಗದಲ್ಲಿ ಅವಳ ಮುಖಕ್ಕೆ ಮಂಗಳಾರತಿ ಆಗಲಿ ಎಂದಷ್ಟೇ ನನಗೆ ಬೇಕಾಗಿದ್ದದ್ದು.

ಆಯಿತು. ಪೆಟ್ಟಿಗೆ ಕಟ್ಟಿದ ಮೂರನೇ ದಿನ ರಾತ್ರಿ ಅವಳ ಫೋನು ಬಂತು. ಪೆಟ್ಟಿಗೆ ಕೂಗಿತಂತೆ. ಕಾವಲುಗಾರರ ದೋಣಿಯಲ್ಲಿ ಅವಳೂ ಹೋಗಿದ್ದಳಂತೆ. ಅಲ್ಲಿದ್ದದ್ದು ಒಬ್ಬ ಮುದುಕಿ, ಒಂದು ಹೊರೆ ಸೌದೆ.

“ಕಣ್ಣಾರೆ ನೋಡ್ದೆ, ಎಲ್ಲಾ ಒಣದೇ” ಎಂದಳು. “ಒಣದು ಬುಡಿ ಸ್ವಾಮಿ ಅಂತ ಎಷ್ಟು ಬೇಡ್ಕೊಂಡೆ. ಪೆಟ್ಗೆ ಹೇಳ್ತೈತೆ, ಅದುಕ್ ಹೇಳ್ಕೊಟ್ಟೋಳು ನೀನೇ ಅಲ್ವಾ ಅಂದ್ರು. ಸೌದೆ ನೀರಿಗ್ ಹಾಕುದ್ರು. ಮಚ್ಚು ಕಿತ್ಕೊಂಡ್ರು. ಆ ಅಜ್ಜೀನ ಸಂಜೇಗಂಟ ಬಿಸ್ಲಾಗೆ ನಿಲ್ಸಿದ್ರು ಕಣಮ್ಮಿ. ನಾನೇ ಎಲ್ಲೋ ತಪ್ಪಾಗಿ ಕೇಳ್ಬುಟ್ಟೆ.”

ಆಗಲೇ ಹೇಳಿಬಿಡಬಹುದಿತ್ತು. “ಇರ್ಲಿ ಬುಡಕ್ಕ, ಎಲ್ಲಾರ್ಗೂ ತಪ್ಪಾಗ್ತದೆ” ಎಂದೆ. ಎಂಥ ಬಾಯಿ ನನ್ನದು!

ಹಿಂದಿರುಗಿದ ಮೇಲೆ ಅವಳು ತಾನಾಗಿಯೇ ಹೆಡ್‌ಫೋನು ತಂದು ನನ್ನ ಮೇಜಿನ ಮೇಲಿಟ್ಟು ಬೆಸುಗೆಯ ಸಾಲಿಗೆ ಹೋಗಿ ಕೂತಳು. ಪೆಟ್ಟಿಗೆಗಳನ್ನು ಮೇನೇಜರು ಸದ್ಯಕ್ಕೆ ನಿಲ್ಲಿಸಿದರು. ತಾನು ಬರೆದ ಕಾಗದಗಳನ್ನು ಅವಳು ಕೇಳಿದಳು, ಎಲ್ಲಿ ತಪ್ಪಿದೆ ಎಂದು ನೋಡಬೇಕಂತೆ. ಎಸೆದೆ ಎಂದೆ. ಬೀರುವಿನಲ್ಲಿ ನನ್ನ ಸೀರೆಗಳ ಅಡಿಯಲ್ಲಿ ಬಚ್ಚಿಟ್ಟಿದ್ದೆ. ಊಟದ ಹೊತ್ತಿನಲ್ಲಿ ಎಲ್ಲರೂ ಡಬ್ಬಿ ಬಿಚ್ಚಿದರೆ ಅವಳು ಹೆಡ್‌ಫೋನ್ ಹಾಕಿಕೊಂಡು ಹಳೆಯ ಸದ್ದುಗಳನ್ನೆಲ್ಲ ಮತ್ತೆ ಮೊದಲಿನಿಂದ ಕೇಳುವಳು. ಮೊದಲು ದಿಟ್ಟವಾಗಿ ಒಣ ಎನ್ನುತ್ತಿದ್ದವಳು ಈಗ, “ಒಣಾನೇ ಅನ್ಸುತ್ತೆ... ಇಲ್ವೇನೋ” ಎಂದು ಕೈಬಿಡುವಳು. ಕೆಲವು ದಿನ ಹೀಗೆ ಮಾಡಿ ಅದನ್ನೂ ನಿಲ್ಲಿಸಿದಳು.

ನನಗೆ ಬೇಕಾದ ಕುರ್ಚಿ ನನಗೆ ಸಿಕ್ಕಿತ್ತು. ಅವಳು ನನ್ನನ್ನು ಡಿಪ್ಲಮಾ ಎಂದು ಕರೆಯುವುದನ್ನು ಬಿಟ್ಟಿದ್ದಳು. ತೋಟದ ಮೋಟಾರು ಗಾಳಿ ಎಳೆದು ಸುಟ್ಟುಹೋದ ದಿನ ಅಡುಗೆಮನೆಯಿಂದ ಭಾವನಿಗೆ ಅವಳ ಕೂಗು ಬರಲೇ ಇಲ್ಲ.

ಅದಾದ ಮೊದಲ ಶುಕ್ರವಾರ. ನಾನು ಹಿತ್ತಿಲಲ್ಲಿ ಪಾತ್ರೆ ಗಲಬರಿಸುತ್ತಿದ್ದೆ. ಅವಳು ಎರಡು ತೆಂಗಿನಕಾಯಿ ಹಿಡಿದುಕೊಂಡು ಬಂದು ನಿಂತಳು. ಒಂದನ್ನು ತಟ್ಟಿದಳು, ಇನ್ನೊಂದನ್ನು ತಟ್ಟಿದಳು, ಮತ್ತೆ ಮೊದಲನೆಯದನ್ನು. ಆಮೇಲೆ ಎರಡನ್ನೂ ನನ್ನ ಮುಂದೆ ಹಿಡಿದಳು.

“ನೀನೇ ನೋಡಮ್ಮಿ. ನಂಗ್ ಗೊತ್ತಾಗ್ತಿಲ್ಲ.”

ಇಷ್ಟು ವರ್ಷ ನಾನು ಯಾವ ಮಾತಿಗಾಗಿ ಕಾದಿದ್ದೆನೋ ಆ ಮಾತು. ಅವಳ ಕೈಯಲ್ಲಿದ್ದದ್ದನ್ನು ನಾನು ಕಿತ್ತುಕೊಂಡು ಹಾಳುಮಾಡಿದ್ದೆ, ನನಗೇನೂ ಸಿಕ್ಕಿರಲಿಲ್ಲ. ಬೂದಿಗೈಯಲ್ಲೇ ನಿಂತು ಎಲ್ಲ ಹೇಳಿದೆ. ಕಾಗದ ಬೀರುವಿನಲ್ಲಿರುವುದನ್ನೂ ಹೇಳಿದೆ. ನಿನ್ನ ಮೇಲೆ ನನಗೆ ಹೊಟ್ಟೆಕಿಚ್ಚು ಎಂದೂ ಹೇಳಿದೆ.

ಅವಳು ನಿಧಾನವಾಗಿ ಒಂದು ಕಾಯಿಯನ್ನು ಕಿವಿಯ ಹತ್ತಿರ ತಂದು ತಟ್ಟಿದಳು.

“ಹಂಗಾದ್ರೆ ನನ್ ಕಿವಿ ನೆಟ್ಟಗೈತೆ?”

“ಹ್ಞೂಂ ಅಕ್ಕ.”

“ಏನೂ ಆಗಿಲ್ವಾ ಅದುಕ್ಕೆ?”

“ಇಲ್ಲಕ್ಕ.”

ಒಸಡೆಲ್ಲ ಕಾಣುವಂತೆ ನಕ್ಕಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಕಾಯಿಗಳನ್ನು ಜೋಪಾನವಾಗಿ ಕಲ್ಲಿನ ಮೇಲಿಟ್ಟು, ನನ್ನ ಕೆನ್ನೆಗೆ ಒಂದು ಬಿಟ್ಟಳು. ನನ್ನ ತಾಯಿಯೂ ಹಾಗೆ ಹೊಡೆದಿರಲಿಲ್ಲ.

“ನನ್ ಮ್ಯಾಲೆ ಉರ್ಕೊ, ಬ್ಯಾಡ ಅನ್ನಲ್ಲ. ಆ ಅಜ್ಜಿ ಏನ್ ಮಾಡಿದ್ಲು ನಿಂಗೆ?” ಎಂದಳು. “ಸೀರೆ ಉಟ್ಕೊ, ಕಾಗ್ದ ಎತ್ಕೊ. ನಡಿ ಆಫೀಸ್ಗೆ. ನೀನೇ ಹೇಳ್ಬೇಕು.”

ಹೇಳಿದೆ. ಮೇನೇಜರು ತಮಿಳಿನಲ್ಲಿ ಬೈದದ್ದೆಲ್ಲ ಇಲ್ಲಿ ಬರೆಯುವಂಥದ್ದಲ್ಲ. ನಾಳೆಯಿಂದ ಬರಬೇಡ ಎಂದರು. ಆಗ ಅವಳು ಅಡ್ಡ ಬಂದಳು. “ಇವ್ಳು ಹೋದ್ರೆ ನಾನೂ ಬರಾಕಿಲ್ಲ ಸಾರ್. ನಾನ್ ಕೇಳ್ಬೇಕು, ಇವ್ಳು ಒತ್ಬೇಕು. ಇನ್ಮೇಲೆ ಸರಿಯಾಗಿ ಒತ್ತಾಳೆ.” ಕೆಲಸ ಉಳಿಯಿತು. ಹೊಡೆತ ಅಂದೇ ಮರೆತುಹೋಯಿತು, ಈ ಉಪಕಾರ ಮಾತ್ರ ಇವತ್ತಿಗೂ ಚುಚ್ಚುತ್ತದೆ. ಅಲ್ಲೂ ಅವಳೇ ಗೆದ್ದಳಲ್ಲ ಎಂದು.

ಆಮೇಲಿನ ಎರಡು ತಿಂಗಳು ಇಬ್ಬರೂ ಒಂದೇ ಮೇಜಿನಲ್ಲಿ ಕೂತೆವು. ನಾನು ಕಾಗದ ಓದುವೆನು, ಅವಳು ಕೇಳಿ ಹೌದು ಎನ್ನುವಳು, ಅವಳ ಕಣ್ಣೆದುರಿಗೇ ನಾನು ಒತ್ತಬೇಕು. “ಈಗ ನೀನ್ ಹೇಳು ಡಿಪ್ಲಮಾ” ಎಂದು ನನ್ನ ಕಿವಿಗೂ ಪರೀಕ್ಷೆ ಇಡುವಳು. ತಪ್ಪಿದರೆ ತಲೆಗೆ ಮೊಟಕುವಳು. ಪೆಟ್ಟಿಗೆಗಳು ಮತ್ತೆ ಕೆಲಸ ಶುರುಮಾಡಿದವು. ಸೌದೆಯ ಹೆಂಗಸರು ಕಡಿದರೆ ಸುಮ್ಮನಿದ್ದವು. ಒಂದು ದಿನ ಕೂಗಿದಾಗ ಕಾವಲುಗಾರರಿಗೆ ಹಸಿ ಗಳ ತುಂಬಿದ ದೋಣಿಯೇ ಸಿಕ್ಕಿತು. ಅವಳು ಶೆಡ್ಡಿಗೆಲ್ಲ ಮೈಸೂರುಪಾಕು ಹಂಚಿದಳು.

ಮುದುಕಿಯ ಮಚ್ಚು ಎಲ್ಲಿ ಹೋಯಿತೋ ಅಲ್ಲಿನವರಿಗೂ ತಿಳಿಯಲಿಲ್ಲ. ಓರಗಿತ್ತಿ ರಾಯಕೋಟೆಯ ಕಮ್ಮಾರನ ಹತ್ತಿರ ಹೊಸದೊಂದು ಮಾಡಿಸಿದಳು. ಬಡಿದು ಕೇಳಿ, ನುಡಿ ಸರಿಯಿಲ್ಲ ಎಂದು ಎರಡು ಸಲ ವಾಪಸು ಕೊಟ್ಟು, ಮೂರನೆಯದನ್ನು ಒಪ್ಪಿ ತಂದಳು. “ಇಬ್ರೂ ಹೋಗಿ ಕೊಡಾನ. ನೀನೇ ಕೈಯಾರೆ ಕೊಡ್ಬೇಕು. ಸಮುದ್ರಾನೂ ನೋಡ್ದಂಗಾಯ್ತದೆ” ಎಂದಳು.

ಹೋಗಲಾಗಲಿಲ್ಲ. ಕಾಮಾಲೆ ಎಂದು ಮಲಗಿದವಳು ಏಳಲಿಲ್ಲ. ಮೊದಲು ಬೇರು, ನಾರು ಎಂದು ಮನೆಮದ್ದು ಮಾಡಿದೆವು, ಆಮೇಲೆ ಆಸ್ಪತ್ರೆಗೆ ಸೇರಿಸಿದೆವು. ಹದಿನೆಂಟು ದಿನಕ್ಕೆ ಹೋಗಿಬಿಟ್ಟಳು. ಶೆಡ್ಡಿನವರು, ರಾಯಕೋಟೆಯವರು, ಸುತ್ತಲ ಊರಿನವರು, ಬಾಗಿಲು ತುಂಬ ಜನ. ಎಲ್ಲರೂ ಎದೆ ಬಡಿದುಕೊಂಡು ಅಳುತ್ತಿದ್ದರು. ನಾನು ಮೂಲೆಯಲ್ಲಿ ನಿಂತು, ನಾನು ಸತ್ತರೆ ಇದರಲ್ಲಿ ಕಾಲುಭಾಗ ಜನವೂ ಬರುವುದಿಲ್ಲ ಎಂದುಕೊಳ್ಳುತ್ತಿದ್ದೆ. ಒಂದು ಹನಿ ಕಣ್ಣೀರು ಬರಲಿಲ್ಲ. ನನ್ನ ಗಂಡ ನನ್ನನ್ನು ವಿಚಿತ್ರವಾಗಿ ನೋಡಿದ.

ಆರು ತಿಂಗಳ ಮೇಲೆ ಪೆಟ್ಟಿಗೆಗಳ ರಿಪೇರಿಗೆಂದು ಶೆಡ್ಡಿನಿಂದ ನನ್ನನ್ನೇ ಕಡಲ ತೀರಕ್ಕೆ ಕಳಿಸಿದರು. ಮಚ್ಚನ್ನು ಹಳೆಯ ಪಂಚೆಯಲ್ಲಿ ಸುತ್ತಿಕೊಂಡು ಹೋದೆ. ಕಡಲು ನೋಡಿದೆ, ಮನಸ್ಸಿಗೆ ಹತ್ತಲಿಲ್ಲ. ಕಾವಲುಗಾರ ಮುದುಕಿಯ ಗುಡಿಸಲು ತೋರಿಸಿ, ಹೊಸೂರಿನಿಂದ ಬಂದಿದ್ದಾರೆ ಎಂದು ಹೇಳಿ ಹೋದ. ಕಣ್ಣು ಮಂಜಾದ ಮುದುಕಿ ಹೊರಗೆ ಕೆಸರಿನಲ್ಲೇ ನಿಂತು ಗಳದ ಮೇಲೆ ಬಲೆ ಒಣಹಾಕುತ್ತಿದ್ದಳು. ಹೊಸೂರು ಎಂಬ ಮಾತಿಗೇ ಮುಖ ಅರಳಿತು.

“ನೀ ದಾನಾ ಅಂದ ಪೊಣ್ಣು?” ಎಂದಳು. ನೀನೇನಾ ಆ ಹುಡುಗಿ, ಅಷ್ಟು ದೂರದಲ್ಲಿ ಕೂತು ನಾನು ಕಡಿಯುವುದು ಒಣ ಮರವೆಂದು ಕಿವಿಯಿಂದಲೇ ಕಂಡುಹಿಡಿದವಳು? ಈಗ ನಮ್ಮ ತಂಟೆಗೆ ಯಾರೂ ಬರುವುದಿಲ್ಲ ಎಂದು ಹೇಳುತ್ತ ಎರಡೂ ಕೈಯಿಂದ ನನ್ನ ಮುಖ ನೀವಿ, ತನ್ನ ತಲೆಗೆ ಒತ್ತಿ ನೆಟಿಕೆ ಮುರಿದು ದೃಷ್ಟಿ ತೆಗೆದಳು.

ನಾನು ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಅಲ್ಲಿ ನನ್ನನ್ನು ಬಲ್ಲವರು ಯಾರೂ ಇರಲಿಲ್ಲ. ಹಾಗೆಯೇ ಕೊಟ್ಟು ಬಂದುಬಿಟ್ಟಿದ್ದರೆ ಆ ಹೊಗಳಿಕೆ ನನ್ನದೇ ಆಗುತ್ತಿತ್ತು. ನಿಜ ಹೇಳುತ್ತೇನೆ, ಸ್ವಲ್ಪ ಹೊತ್ತು ಅದನ್ನು ಇಟ್ಟುಕೊಂಡೆ. ಬಹಳ ಹಿತವಾಗಿತ್ತು.

“ನಾನಲ್ಲ ಅಜ್ಜಿ” ಎಂದೆ ಕೊನೆಗೆ, ನನ್ನ ಹರುಕು ತಮಿಳಿನಲ್ಲಿ. “ಅದು ನಮ್ಮಕ್ಕ. ನಿಮ್ಮನ್ನು ಬಿಸಿಲಲ್ಲಿ ನಿಲ್ಲಿಸಿದವಳು ನಾನು.”

ಮುದುಕಿ ಕೈ ಹಿಂದೆ ತೆಗೆದುಕೊಂಡಳು. ಪಂಚೆ ಬಿಚ್ಚಿ ಮಚ್ಚನ್ನು ಚಾಚಿದೆ, ಮುಟ್ಟಲಿಲ್ಲ.

“ಅವಳನ್ನು ಕರೆದುಕೊಂಡು ಬಾ” ಎಂದಳು. “ಅವಳ ಕೈಯಿಂದ ಕೊಡಿಸು, ತೆಗೆದುಕೊಳ್ಳುತ್ತೇನೆ.”

ಅವಳಿಲ್ಲ ಎಂದು ನಾನು ಅಲ್ಲಿಯವರೆಗೆ ಯಾರ ಮುಂದೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಆ ಮುದುಕಿಗೆ ಹೇಳಬೇಕಾಯಿತು. ಹೇಳಿ ಮುಗಿಸುವಷ್ಟರಲ್ಲಿ ಕೆಸರಿನಲ್ಲೇ ಕೂತುಬಿಟ್ಟೆ. ಅಕ್ಕಾ ಅಕ್ಕಾ ಎಂದು, ಆ ಊರಿನ ಹೆಂಗಸರೆಲ್ಲ ಓಡಿಬರುವಂತೆ ಅತ್ತುಬಿಟ್ಟೆ.